ಕೈಗೆ ಹತ್ತದ ಹಳದಿ

ದೂರದ ದೇಶದ ವಿಮಾನ ಕಂಪನಿಯೊಂದು ಆಕಾಶದಲ್ಲಿ ಹೊಗೆ ಬಿಡುತ್ತದೆ. ಆ ತಪ್ಪಿಗೆ ಮಾಗನೂರಿನ ಹೊಲದ ಬದುಗಳಲ್ಲಿ ಬೇವು ಬೆಳೆಯಬೇಕು. ಭೂಮಿ ಬಿಸಿಯೇರದಂತೆ ನೋಡಿಕೊಳ್ಳಲು ದೊಡ್ಡವರೆಲ್ಲ ಸೇರಿ ಹೂಡಿದ ಲೆಕ್ಕವಿದು. ಗಿಡ ಹೊಗೆ ಹೀರುತ್ತದಂತೆ; ಬೇವು ಉಳಿದಷ್ಟು ಕಂಪನಿಯ ಹೊಗೆ ಮಾಫಿ. ಗಿಡ ಕಾಯುವ ಕೆಲಸ ಭಾಗ್ಯಳದು. ಕುರಿಗಾಹಿಗಳ ಮನೆಯ ಸೊಸೆಗೆ ಸಿಕ್ಕ ಮೊದಲ ಸಂಬಳದ ಕೆಲಸ. ಅದನ್ನು ಕಳೆದುಕೊಳ್ಳುವ ಮಾತನ್ನೂ ಅವಳು ಯಾರಿಗೂ ಎತ್ತಗೊಡುತ್ತಿರಲಿಲ್ಲ.

ಗಿಡ ಮೊಣಕಾಲೆತ್ತರ ಬಂದಾಗ ಸೂಪರ್‌ವೈಸರ್ ನರೇಂದರ್ ಅಲ್ಲೊಂದು ಇಲ್ಲೊಂದರ ಕಾಂಡಕ್ಕೆ ಹಳದಿ ಪೇಂಟ್ ಬಳಿದ. ಎಲ್ಲವನ್ನೂ ಎಣಿಸಲು ಯಾರಿಗೆ ಪುರಸೊತ್ತು? ತಪಾಸಣೆಯವರು ಹಳದಿ ಗಿಡಗಳನ್ನಷ್ಟೇ ಅಳೆದು, ಉಳಿದವೂ ಹಾಗೇ ಇವೆ ಎಂದುಕೊಳ್ಳುತ್ತಾರೆ.

ನಮ್ಮ ಕುರಿಗಾಹಿಗಳಿಗೆ ಹಳದಿ ಎಂದರೆ ಮೈಲಾರನ ಭಂಡಾರ, ದೇವರ ಅರಿಶಿನ. ಅದು ಬಿದ್ದ ಗಿಡ ದೇವರದು, ಕುರಿ ಬಾಯಿ ಹಾಕುವಂತಿಲ್ಲ. ಭಾಗ್ಯಳ ಮಾವ ಕುರುಮಯ್ಯ ಅವಕ್ಕೆ ಕೈಮುಗಿದು ಮಂದೆಯನ್ನು ಆಚೆ ಹೊಡೆಯುತ್ತಿದ್ದ, ಬೇರೆಯವರಿಗೂ ಹೇಳುತ್ತಿದ್ದ. ಬಣ್ಣವಿಲ್ಲದ ಗಿಡಗಳನ್ನು ಆಡು-ಕುರಿಗಳು ಮನಸಾರೆ ಮೇಯ್ದವು. ಭಾಗ್ಯ ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಹಸಿದ ಆಡಿಗೆ ಯಾವ ದೇಶದ ಒಪ್ಪಂದ ಗೊತ್ತು?

ಈ ವರ್ಷ ದಿಲ್ಲಿಯಿಂದ ತಪಾಸಣೆಯ ಸಾಹೇಬರು ಬಂದರು. ಹಳದಿ ಗಿಡಗಳೆಲ್ಲ ಆಳೆತ್ತರ ಬೆಳೆದಿದ್ದವು.

"ಒಂದೂ ಸತ್ತಿಲ್ಲ. ಹಾಗಾದರೆ ಎಲ್ಲವೂ ಬದುಕಿವೆ" ಎಂದರು ಸಾಹೇಬರು.

ಭಾಗ್ಯ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಆಡಿನ ಹೊಟ್ಟೆ ಸೇರಿದ ಗಿಡಗಳ ಹೆಸರಿನಲ್ಲಿ ಹೊಗೆ ಮಾಫಿಯಾಗುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಬಣ್ಣ ಇಲ್ಲದವನ್ನೂ ನೋಡ್ರಿ, ಸಾರ್."

ಪಕ್ಕದ ಬದುವಿನಲ್ಲಿ ಬರೀ ಮೋಟುಗಳಿದ್ದವು. ಸಾಹೇಬರ ಮುಖ ಸಪ್ಪಗಾಯಿತು. ಜೀಪು ಹತ್ತುವಾಗ ನರೇಂದರ್, ನಾಳೆಯಿಂದ ಬರಬೇಡ ಎಂದು ಅವಳಿಗೆ ಹೇಳಿದ.

ದೂರದಲ್ಲಿ ಮಂದೆ ನಿಲ್ಲಿಸಿಕೊಂಡಿದ್ದ ಕುರುಮಯ್ಯ ಹತ್ತಿರ ಬಂದ.

"ಮಾವಾರ, ಅದು ಭಂಡಾರ ಅಲ್ರಿ, ಪೇಂಟು" ಎಂದಳು ಭಾಗ್ಯ. "ನೀವು ಕೈ ಮುಗಿಯೋದು ನೋಡಿನೂ ಸುಮ್ಮನಿದ್ದೆ."

"ಭಂಡಾರ ಆದ್ರ ಕೈಗೆ ಹತ್ತತೈತಿ. ಮರುದಿನಾನೇ ಮುಟ್ಟಿ ನೋಡೀನಿ, ಇದು ಹತ್ತಲಿಲ್ಲ."

"ಮತ್ತ ಮಂದಿಗ್ಯಾಕ ಹಂಗ ಹೇಳಿದ್ರಿ?"

"ನಿನ್ನ ನೌಕ್ರಿ ಉಳೀಲಿ ಅಂತ. ದೇವರ ಹೆಸರಿನ್ಯಾಗ ಸುಳ್ಳಾಡಿ ನಾ ಉಳಿಸಿದ್ದೆ. ನೀ ಖರೇ ಹೇಳಿ ಕಳಕೊಂಡಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಭಾಗ್ಯಳಿಗೆ ಅಳು ತಡೆಯಲಾಗಲಿಲ್ಲ.

ಕುರುಮಯ್ಯ ಸೊಂಟದ ಚೀಲ ಬಿಚ್ಚಿ, ಚಿಗುರೊಡೆದಿದ್ದ ಒಂದು ಮೋಟಿಗೆ ಭಂಡಾರ ಹಚ್ಚಿದ.

"ಒಂದು ಬದು ಬಿಟ್ಟು ಒಂದಕ್ಕ ಹಚ್ಚೋಣು. ಆಡೂ ಬದುಕಬೇಕಲ್ಲವಾ."

"ಇನ್ನ ಯಾರು ಬಂದು ಅಳೀತಾರ್ರಿ ಇವನ್ನ?"

"ಯಾರೂ ಬರಂಗಿಲ್ಲ. ಹಿಡಿ."

ಭಾಗ್ಯ ಕಣ್ಣೊರೆಸಿಕೊಂಡು ಅಂಗೈ ಚಾಚಿದಳು. ಈ ಹಳದಿ ಬೆರಳಿಗೆಲ್ಲ ಹತ್ತಿತು.