ರಿವೆಟ್ಟಿನ ಹಿಂಬದಿ

ಬೋರಮ್ಮನ ಎಡಗಿವಿ ಯಾವತ್ತು ಕೈಕೊಟ್ಟಿತು ಎಂಬುದು ಅವಳಿಗೇ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಬಲಮಗ್ಗುಲಾಗಿ ಮಲಗಿದ್ದಾಗ ಕೋಳಿ ಕೂಗಿದ್ದು ಕೇಳಿಸಲಿಲ್ಲ. ಕೋಳಿಗೆ ಕಾಯಿಲೆ ಅಂದುಕೊಂಡಳು. ಇನ್ನೊಂದು ದಿನ ಹಾಲು ಉಕ್ಕಿ ಒಲೆಗೆ ಸುರಿದ ಸದ್ದು ಕೇಳಿಸಲಿಲ್ಲ. ಗಮನ ಎಲ್ಲಿಟ್ಟಿದ್ದೆ ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿಬಿಡಲಿಲ್ಲ. ಬಿಟ್ಟರೆ ಗಂಡ ತಿಮ್ಮಯ್ಯ ತನ್ನನ್ನು ಪೆಟ್ಟಿಗೆಯೊಳಗೆ ಕೂರಿಸುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಹೆಂಡತಿಯನ್ನು ಪೆಟ್ಟಿಗೆಯಲ್ಲಿ ಕೂರಿಸುವವನು ಎಂಥ ಗಂಡಸು ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಮೂಡಲಪಾಳ್ಯದ ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಪ್ಲೈವುಡ್ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಬ್ರೆಡ್ ಮಾರುವ ತಳ್ಳುಗಾಡಿಯ ಪೆಟ್ಟಿಗೆ, ಸೋಡಾ ಗಾಡಿಯ ಪೆಟ್ಟಿಗೆ, ನಾಟಕದವರ ಸಾಮಾನಿನ ಪೆಟ್ಟಿಗೆ. ಮೊಳೆ ಹೊಡೆದರೆ ಗಾಡಿಯ ಅಲುಗಾಟಕ್ಕೆ ನಾಲ್ಕು ತಿಂಗಳಲ್ಲಿ ಹಲಗೆ ಬಾಯಿ ಬಿಡುತ್ತಿತ್ತು, ಅದಕ್ಕೇ ರಿವೆಟ್ಟು. ಆದರೆ ರಿವೆಟ್ಟು ಒಬ್ಬರಿಂದಾಗುವ ಕೆಲಸವಲ್ಲ. ಹೊರಗಿನವನು ತೂತಿಗೆ ರಿವೆಟ್ ತೂರಿಸಬೇಕು, ಒಳಗಿನವರು ಅದರ ಬಾಲಕ್ಕೊಂದು ವಾಷರ್ ತೊಡಿಸಿ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಹೊರಗಿನ ಸುತ್ತಿಗೆ ಏಟಿಗೆ ಒಳಗಿನ ಬಾಲ ಚಪ್ಪಟೆಯಾಗಿ ವಾಷರಿನ ಮೇಲೆ ಕೂರುತ್ತದೆ. ಹೊರಗೆ ತಿಮ್ಮಯ್ಯ, ಒಳಗೆ ಬೋರಮ್ಮ. ಯುದ್ಧದ ಕಾಲದಲ್ಲಿ, ಮಿಲಿಟರಿ ಸಾಮಾನಿಗೆ ಪೆಟ್ಟಿಗೆ ಬೇಕಾಗಿದ್ದಾಗ ಶುರುವಾದದ್ದು. ಈಗ ಐವತ್ತಾರನೇ ಇಸವಿ. ಲೆಕ್ಕ ಹಾಕಿದರೆ ಹದಿನಾಲ್ಕು ವರ್ಷ.

ಆ ಮೊದಲ ದಿನಗಳನ್ನು ನೆನೆದರೆ ಬೋರಮ್ಮನಿಗೆ ಈಗಲೂ ಕೆನ್ನೆ ಬಿಸಿಯಾಗುತ್ತಿತ್ತು. ಮದುವೆಯಾಗಿ ಎರಡು ವರ್ಷವಾಗಿತ್ತು. ಅತ್ತೆ ಪಟಾಲಮ್ಮ ಜಗಲಿಯ ಮೇಲೆ ಅಡಿಕೆ ಕುಟ್ಟುತ್ತಾ ಕೂತಿರುತ್ತಿದ್ದಳು. ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಮಾತಾಡಿದರೆ ಆಕೆಗೆ ಮನೆಯ ಮಾನವೇ ಬೀದಿಗೆ ಬಿದ್ದ ಹಾಗೆ. ಕೆಮ್ಮಿದರೂ ಯಾಕೆ ಕೆಮ್ಮಿದೆ ಎಂದು ವಿಚಾರಣೆ. ಹೀಗಿರುವಾಗ ಕೆಲಸ ಸಾಗುವುದು ಹೇಗೆ? ತಿಮ್ಮಯ್ಯ ಹೊರಗಿಂದ ಬೆರಳ ಗೆಣ್ಣಿನಲ್ಲಿ ಎರಡು ಸಲ ಹಲಗೆ ತಟ್ಟಿದ. ಆಯ್ತಾ ಎಂದು ಕೇಳಿದ ಹಾಗಿತ್ತು. ಬೋರಮ್ಮ ಒಳಗಿಂದ ಒಂದು ಸಲ ತಟ್ಟಿದಳು. ಹೂಂ. ಮೂರು ತಟ್ಟಿದರೆ ನಿಲ್ಲಿಸಿ, ವಾಷರ್ ಬಿತ್ತು ಎಂದು. ಯಾರೂ ಯಾರಿಗೂ ಕಲಿಸಲಿಲ್ಲ, ತಾನಾಗಿ ಬಂತು.

ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಟಾಲಮ್ಮ ಸೊಸೆಯ ತವರಿನ ಮೂರು ತಲೆಮಾರನ್ನು ಜಾಲಾಡಿದಳು. ಬೋರಮ್ಮ ಅಳು ನುಂಗಿಕೊಂಡು ಪೆಟ್ಟಿಗೆಯೊಳಗೆ ಹೋಗಿ ಕೂತಳು. ಪೆಟ್ಟಿಗೆ ಓರೆಯಾಗದಿರಲು ಬಾಗಿಲು ಮುಚ್ಚಿಕೊಂಡೇ ಕೂರಬೇಕು. ಕತ್ತಲು, ಹಲಗೆಗೆ ಬಳಿದ ವಜ್ರದಂಟಿನ ವಾಸನೆ, ಇನ್ನೂ ರಿವೆಟ್ ಬೀಳದ ತೂತುಗಳಿಂದ ಬಂದ ಬೆಳಕು ಸೀರೆಯ ಮೇಲೆ ಕಾಸಿನಗಲ ಬಿದ್ದಿತ್ತು. ಆಗ ಹೊರಗಿಂದ ತಟ್ಟಿದ ಸದ್ದು. ಒಂದಲ್ಲ, ಎರಡಲ್ಲ, ನಾಲ್ಕು. ನಾಲ್ಕಕ್ಕೆ ಕೆಲಸದಲ್ಲಿ ಯಾವ ಅರ್ಥವೂ ಇರಲಿಲ್ಲ. ಬೋರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕತ್ತಲಲ್ಲಿ ನಕ್ಕಳು. ಅತ್ತೆ ಬೈದ ದಿನವೆಲ್ಲ ಆಮೇಲೆ ನಾಲ್ಕು ಬೀಳುತ್ತಿತ್ತು. ಅತ್ತೆ ದಿನಾ ಬೈಯಲಿ ಎಂದು ಅವಳು ಆಸೆಪಟ್ಟದ್ದೂ ಉಂಟು.

ಪಟಾಲಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಬಾಯಿಬಿಟ್ಟು ಮಾತಾಡಲು ಯಾರ ಅಡ್ಡಿಯೂ ಇರಲಿಲ್ಲ. ವಿಚಿತ್ರವೆಂದರೆ ಅಡ್ಡಿ ಹೋದ ಮೇಲೆ ಮಾತೂ ಕಡಿಮೆಯಾಯಿತು, ನಾಲ್ಕು ತಟ್ಟುವುದೂ ನಿಂತುಹೋಯಿತು. ಎರಡು ಮತ್ತು ಒಂದು ಮಾತ್ರ ಉಳಿಯಿತು. ಬೋರಮ್ಮನಿಗೆ ಅಷ್ಟಾದರೂ ಸಾಕಾಗಿತ್ತು.

ರಾಜಾಜಿನಗರದಲ್ಲಿ ಹೊಸದಾಗಿ ಬೇಕರಿ ಇಟ್ಟ ಸೇತುರಾಮಯ್ಯಂಗಾರ್ಯರು ಬ್ರೆಡ್ ಗಾಡಿಗಳಿಗೆ ಪೆಟ್ಟಿಗೆ ಮಾಡಲು ಹೇಳಿದ್ದರು. ಬೋರಮ್ಮ ಹೆದರಿದ್ದು ಮೊದಲನೆಯ ಪೆಟ್ಟಿಗೆಯಲ್ಲೇ ಆಯಿತು. ತಿಮ್ಮಯ್ಯ ಎರಡು ತಟ್ಟಿದ, ಒಳಗಿಂದ ಉತ್ತರವಿಲ್ಲ. ಮತ್ತೆ ತಟ್ಟಿದ, ಇಲ್ಲ. ಗಾಬರಿಯಾಗಿ ಬಾಗಿಲು ತೆರೆದು ನೋಡಿದರೆ ಬೋರಮ್ಮ ಗಟ್ಟಿ ಹಿಡಿದುಕೊಂಡು, ಎಂದಿನಂತೆ ಎಡಗಿವಿಯನ್ನು ಹಲಗೆಯ ಕಡೆಗಿಟ್ಟು, ತಟ್ಟುವುದನ್ನೇ ಕಾಯುತ್ತಾ ಕೂತಿದ್ದಳು.

"ಯಾಕೆ ಬೋರಿ?"

"ಜೊಂಪು ಹತ್ತಿತ್ತು ಕಣ್ರೀ" ಎಂದಳು. ತಿಮ್ಮಯ್ಯ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಬಾಗಿಲು ಮುಚ್ಚಿದ.

ಅದಾದ ವಾರಕ್ಕೆ ತಿಮ್ಮಯ್ಯನ ಜೊತೆ ವೆಂಕಟಗಿರಿ ಎಂಬ ಪರಿಚಯದವನು ಬಂದ. ವಿಮಾನ ರಿಪೇರಿಯ ಕೆಲಸ ಬಲ್ಲವನು. ಯುದ್ಧ ಮುಗಿದ ಮೇಲೆ ಗುಜರಿಗೆ ಬಂದ ಸಾಮಾನಿನಲ್ಲಿ ಆಯ್ದ ಮೂರು ಡಬ್ಬಿ ರಿವೆಟ್ಟು, ಜೊತೆಗೆ ಮೊಳದುದ್ದದ ಇಕ್ಕಳದಂಥದ್ದೊಂದು ತಂದಿದ್ದ. ರಿವೆಟ್ಟಿನ ನಡುವೆ ಮೊಳೆಯಂಥ ಕಡ್ಡಿ. ತೂತಿಗೆ ತೂರಿಸಿ ಇಕ್ಕಳದಲ್ಲಿ ಆ ಕಡ್ಡಿಯನ್ನು ಹಿಡಿದೆಳೆದ. ಟಕ್ ಎಂದು ಕಡ್ಡಿ ಮುರಿದು ಕೈಗೆ ಬಂತು, ರಿವೆಟ್ ಹಲಗೆಯಲ್ಲಿ ಭದ್ರವಾಗಿ ಕೂತಿತು.

"ಇದಕ್ಕೆ ಬ್ಲೈಂಡ್ ರಿವೆಟ್ ಅಂತಾರೆ ಅಕ್ಕ. ಹಿಂದ್ಗಡೆ ಏನಾಗ್ತದೆ ಅಂತ ನೋಡೋ ಹಂಗೇ ಇಲ್ಲ. ಬಾಲ ತಾನೇ ಊದ್ಕೊಂಡು ಕಚ್ಕೊಳ್ತದೆ. ಒಳಗೆ ಯಾರೂ ಬೇಡ. ನೀವು ಇನ್ನು ಆರಾಮಾಗಿರಿ."

ಒಳಗೆ ಯಾರೂ ಬೇಡ. ಬೋರಮ್ಮ ಅವನಿಗೆ ಬೆಲ್ಲದ ಕಾಫಿ ಕೊಟ್ಟಳು. ಮರ್ಯಾದೆಗೆ ಕೊಟ್ಟದ್ದು, ಮನಸ್ಸಿನಲ್ಲಿ ಆ ಇಕ್ಕಳವನ್ನು ಬಾವಿಗೆ ಎಸೆದು ಆಗಿತ್ತು. ಕಿವುಡಿ ಅಂತ ಗೊತ್ತಾಗಿದೆ, ಅದಕ್ಕೇ ತನ್ನ ಬದಲು ಇಕ್ಕಳ ತಂದಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಒಲೆ ಮುಂದೆ ಕೂರುವ ಹೆಂಗಸರು ಊರ ತುಂಬಾ ಇದ್ದರು. ಪೆಟ್ಟಿಗೆಯೊಳಗೆ ಕೂರುವವಳು ಅವಳೊಬ್ಬಳೇ.

ಮೂರು ಡಬ್ಬಿಯಲ್ಲಿ ಮೂರು ಬಗೆ. ಒಂದು ಉಕ್ಕಿನದು, ಗಟ್ಟಿ. ಎರಡನೆಯದು ಅಲ್ಯೂಮಿನಿಯಮ್ಮಿನದು, ಚಿಕ್ಕ ತಲೆ, ಗಿಡ್ಡ. ಮೂರನೆಯದೂ ಅಲ್ಯೂಮಿನಿಯಮ್ಮೇ, ಆದರೆ ತಲೆ ಅಣಬೆಯಂತೆ ಅಗಲ, ಬಾಲ ಉದ್ದ. ತಿಮ್ಮಯ್ಯ ಯೋಚನೆಯೇ ಮಾಡಲಿಲ್ಲ. "ಉಕ್ಕು ಅಂದ್ರೆ ಉಕ್ಕು" ಎಂದು ಮೊದಲ ಡಬ್ಬಿ ಎತ್ತಿಕೊಂಡ. ಎರಡು ದಿನದಲ್ಲಿ, ಒಬ್ಬನೇ, ಪೆಟ್ಟಿಗೆಯ ಎರಡು ಮೈ ಮುಗಿಸಿದ. ಹೊರಗಿಂದ ನೋಡಲು ಸಾಲು ನೆಟ್ಟಗೆ, ಥಳಥಳ. ಆ ಎರಡು ದಿನ ಬೋರಮ್ಮ ಮುದ್ದೆ ತಿರುವಿದ ರಭಸಕ್ಕೆ ಮಡಕೆಗೇ ಅಯ್ಯೋ ಅನ್ನಿಸಬೇಕು.

ಮೂರನೇ ದಿನ ತಿಮ್ಮಯ್ಯ ಅಯ್ಯಂಗಾರ್ಯರನ್ನು ಕಾಣಲು ರಾಜಾಜಿನಗರಕ್ಕೆ ಹೋದಾಗ ಅವಳು ಕೊಟ್ಟಿಗೆಗೆ ಬಂದಳು. ಸುಮ್ಮನೆ, ಗುಡಿಸಲು ಎಂದು ತನಗೆ ತಾನೇ ಹೇಳಿಕೊಂಡಳು. ಪೊರಕೆಯನ್ನು ಗೋಡೆಗೆ ಒರಗಿಸಿ ಪೆಟ್ಟಿಗೆಯೊಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಕಣ್ಣು ಮುಚ್ಚಿ ಕೈಯಾಡಿಸಿದಳು.

ಒಳಮೈ ಸರಿಯಿರಲಿಲ್ಲ. ಉಕ್ಕಿನ ಬಾಲ ಊದಿಕೊಳ್ಳುವಾಗ, ಹಲಗೆಗೆ ಒಳಗಿಂದ ಆಸರೆಯಾಗಿ ಹಾಕಿದ್ದ ಮರದ ಪಟ್ಟಿಯನ್ನು ಜಜ್ಜಿ ಒಳಕ್ಕೆ ಇಳಿದಿತ್ತು. ಕೆಲವು ಕಡೆ ಪಟ್ಟಿ ಉದ್ದಕ್ಕೆ ಸೀಳಿತ್ತು, ಸಿಬಿರು ಬೆರಳಿಗೆ ಚುಚ್ಚಿತು. ಒಂದು ರಿವೆಟ್ಟನ್ನು ಉಗುರಿನಿಂದ ಅಲ್ಲಾಡಿಸಿದರೆ ಅಲ್ಲಾಡಿತು. ಇದು ಮಾಗಡಿ ರಸ್ತೆಯ ಜಲ್ಲಿಕಲ್ಲಿನ ಮೇಲೆ ಒಂದು ತಿಂಗಳು ಓಡಿದರೆ ಹೆಚ್ಚು.

ಬೋರಮ್ಮ ಕತ್ತಲಲ್ಲಿ ಕೂತೇ ಇದ್ದಳು. ತಾನು ಬಾಯಿ ಮುಚ್ಚಿಕೊಂಡರೆ ಆಯಿತು. ಪೆಟ್ಟಿಗೆ ಬಿಚ್ಚಿಕೊಳ್ಳುತ್ತದೆ, ಅಯ್ಯಂಗಾರ್ಯರು ಬೈಯುತ್ತಾರೆ, ತಿಮ್ಮಯ್ಯ ಇಕ್ಕಳವನ್ನು ಅಟ್ಟಕ್ಕೆ ಎಸೆದು, "ಬಾ ಬೋರಿ, ಒಳಗೆ ಕೂತ್ಕೋ" ಎಂದು ಕರೆಯುತ್ತಾನೆ. ಕಲ್ಪಿಸಿಕೊಂಡರೆ ಎಷ್ಟು ಹಿತವಾಗಿತ್ತು! ಆದರೆ ಇಲ್ಲಿಯವರೆಗೆ ತಿಮ್ಮಯ್ಯನ ಪೆಟ್ಟಿಗೆ ಬಾಯಿಬಿಟ್ಟಿತು ಎಂದು ಯಾರೂ ಅಂದಿರಲಿಲ್ಲ. ಹಾಗೆ ಅನ್ನದಿರಲು ಕಾರಣ ಅರ್ಧ ಅವಳೇ. ತಾನು ಹದಿನಾಲ್ಕು ವರ್ಷ ಕಾಪಾಡಿದ ಹೆಸರನ್ನು ತಾನೇ ಕೆಡಿಸುವುದು ಅವಳ ಕೈಲಾಗಲಿಲ್ಲ.

ತಿಮ್ಮಯ್ಯ ಸಂಜೆ ಬಿಸಿಲು ಇರುವಾಗಲೇ ಬಂದ. ಬೋರಮ್ಮ ನೀರು ಕೊಟ್ಟು, "ಒಳಗೆ ಹೋಗಿ ಒಂದ್ಸಲ ಕೂತ್ಕೊಳ್ಳಿ" ಎಂದಳು.

"ಎಲ್ಲಿ?"

"ಪೆಟ್ಟಿಗೇಲಿ. ರಿವೆಟ್ಟಿನ ಹಿಂಬದಿ ನೋಡಿ. ಕಣ್ಣಲ್ಲಲ್ಲ, ಕೈಯಲ್ಲಿ."

ಪೆಟ್ಟಿಗೆ ಮಾಡುವವನು ಅಲ್ಲಿಯವರೆಗೆ ಒಂದು ದಿನವೂ ಒಳಗೆ ಕೂತಿರಲಿಲ್ಲ. ಗೊಣಗಿಕೊಂಡು ತೂರಿಕೊಂಡ, ಮೊಣಕಾಲು ಗಲ್ಲಕ್ಕೆ ತಗುಲಿತು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ "ಅಯ್ಯೋ, ಸೀಳಿದೆ ಕಣೇ" ಎಂದು ಒಳಗಿಂದ ಕೇಳಿತು. ಬೋರಮ್ಮನಿಗೆ ಅಷ್ಟು ದಿನದ ಸಿಟ್ಟು ಒಟ್ಟಿಗೇ ಬಂತು. ಸುತ್ತಿಗೆ ತೆಗೆದುಕೊಂಡು, ಅವನು ದಿನಾ ಹೊಡೆಯುವಷ್ಟೇ ಬಲವಾಗಿ, ಹೊರಗಿಂದ ಒಂದು ಏಟು ಹಾಕಿದಳು.

ತಿಮ್ಮಯ್ಯ ಎರಡೂ ಕಿವಿ ಮುಚ್ಚಿಕೊಂಡು ಅಂಬೆಗಾಲಿನಲ್ಲಿ ಆಚೆ ಬಿದ್ದ.

"ಇಷ್ಟು ಸದ್ದಾ?"

"ದಿನಕ್ಕೆ ನೂರಿನ್ನೂರು ಏಟು" ಎಂದಳು ಬೋರಮ್ಮ. "ನನ್ನ ಎಡಗಿವಿ ಹೋಗಿದೆ. ನಿಮಗೆ ಗೊತ್ತಿದೆ. ಈ ಕಿವುಡಿ ಇನ್ನು ಬೇಡ ಅಂತ ತಾನೆ ಇಕ್ಕಳ ತಂದಿದ್ದು?"

ತಿಮ್ಮಯ್ಯ ನೆಲದ ಮೇಲೇ ಕೂತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಏಟಿಗೋ ಮಾತಿಗೋ ಹೇಳಲಾಗದು. "ಅವತ್ತು ಬಾಗ್ಲು ತೆಗ್ದಾಗ್ಲೇ ಗೊತ್ತಾಯ್ತು ಕಣೇ. ಬಲಗಿವೀನೂ ನನ್ ಸುತ್ತಿಗೆಗೇ ಹೋದ್ರೆ ಏನ್ ಮಾಡ್ಲಿ ಅಂತ ನಿದ್ದೆ ಬರ್ಲಿಲ್ಲ. ವೆಂಕಟಗಿರಿ ಕಾಲಿಗೆ ಬೀಳೋದೊಂದು ಬಾಕಿ ಇತ್ತು."

"ಹಂಗಂತ ಒಂದು ಮಾತು ಹೇಳೋದಲ್ವಾ?"

"ನೀನು ಹೇಳಿದ್ಯಾ?"

ಅತ್ತೆ ಕುಟ್ಟಾಣಿ ಹಿಡಿದು ಕಾವಲು ಕೂತಿದ್ದಾಗ ಇಬ್ಬರೂ ಇದಕ್ಕಿಂತ ಹೆಚ್ಚು ಮಾತಾಡುತ್ತಿದ್ದೆವಲ್ಲ ಎಂದುಕೊಂಡು ಬೋರಮ್ಮ ಸುತ್ತಿಗೆಯನ್ನು ಕೆಳಗಿಟ್ಟಳು.

ಮಾರನೇ ದಿನ ತಿಮ್ಮಯ್ಯ ಮೂರೂ ಡಬ್ಬಿಯನ್ನು ಅವಳ ಮುಂದಿಟ್ಟು, ಯಾವುದು ಸರಿ ನೀನೇ ಹೇಳು ಎಂದ. ಒಡೆದ ಹಲಗೆಯ ಚೂರುಗಳಿಗೆ ಒಂದೊಂದು ಬಗೆಯದನ್ನೂ ಹಾಕಿಸಿ ಬೋರಮ್ಮ ಹಿಂಬದಿಯನ್ನು ಸವರಿದಳು. ಉಕ್ಕು ಮರವನ್ನು ಜಜ್ಜುತ್ತದೆ, ಬೇಡ. ಚಿಕ್ಕ ತಲೆಯದು ಮುಂದಿನಿಂದ ಪ್ಲೈವುಡ್ಡಿನೊಳಗೆ ಹೂತುಕೊಳ್ಳುತ್ತದೆ. ಬಾಲವೂ ಗಿಡ್ಡ, ಹಿಂದಕ್ಕೆ ತಲುಪುವುದೇ ಇಲ್ಲ. ಅಗಲ ತಲೆಯ ಮೆತ್ತಗಿನದೇ ಸರಿ. ಆದರೆ ಅದೂ ಬರೀ ಮರದ ಮೇಲೆ ನಿಲ್ಲದು.

"ಇಷ್ಟು ವರ್ಷ ನಾನು ವಾಷರ್ ಹಾಕಿದ್ದು ಯಾಕೆ? ಪೆಟ್ಟಿಗೆ ಮುಚ್ಚೋಕೆ ಮುಂಚೇನೇ ಒಳಗಡೆ ತಗಡಿನ ಪಟ್ಟಿ ಹಾಕಿ, ಅದಕ್ಕೂ ಸೇರಿಸಿ ತೂತು ಕೊರೀರಿ. ಬಾಲ ತಗಡಿನ ಮೇಲೆ ಕೂರ್ಲಿ. ಹಲಗೆ, ಪಟ್ಟಿ, ತಗಡು ದಾಟಿ ಕಿರುಬೆರಳಿನ ಅರ್ಧ ಉಗುರಷ್ಟು ಆಚೆ ಬರ್ಬೇಕು, ಅದಕ್ಕಿಂತ ಕಮ್ಮಿ ಇರೋದನ್ನ ಮುಟ್ಬೇಡಿ."

ಹಾಗೇ ಮಾಡಿದರು. ತಿಮ್ಮಯ್ಯ ತೂತು ಕೊರೆದ, ಬೋರಮ್ಮ ಇಕ್ಕಳ ಹಿಡಿದಳು. ಹೊರಗೆ, ಬೆಳಕಿನಲ್ಲಿ, ಗಂಡನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದು ಅದೇ ಮೊದಲು. ಟಕ್, ಟಕ್ ಎಂದು ಕಡ್ಡಿಗಳು ಮುರಿದವು. ಅವನ ಮೀಸೆಯಲ್ಲಿ ಇಷ್ಟು ಬಿಳಿ ಯಾವಾಗ ಬಂತು ಎಂದುಕೊಂಡಳು. ಕೆಲಸ ಹಗುರವಾಗಿತ್ತು, ಕಿವಿಗೆ ತಂಪಾಗಿತ್ತು. ಆದರೂ ಆ ಕತ್ತಲು, ಆ ಕಾಸಿನಗಲದ ಬೆಳಕು ಇನ್ನು ತನಗಿಲ್ಲ ಎಂದು ನೆನೆದಾಗ ಅವಳಿಗೆ ನಿಜವಾಗಿ ದುಃಖವಾಯಿತು.

ಕೊನೆಯ ರಿವೆಟ್ ಬಿದ್ದ ಮೇಲೆ ಹಿಂಬದಿ ಸವರಿ ನೋಡಲು ಬೋರಮ್ಮ ಬಾಗಿಲಿಗೆ ಬಗ್ಗಿದಳು. ತಿಮ್ಮಯ್ಯ ಅವಳ ರೆಟ್ಟೆ ಹಿಡಿದು ನಿಲ್ಲಿಸಿದ. "ಈ ಸಲ ನಾನು" ಎಂದು ಮೊಣಕಾಲು ಮಡಚಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಅವಳು ಹಲಗೆಯ ಮೇಲೆ ಅಂಗೈಯಿಟ್ಟು ಕಾದಳು. ಒಳಗೆ ಅವನ ಕೈ ಸಾಲಿನುದ್ದಕ್ಕೂ ನಿಧಾನವಾಗಿ ಸರಿಯುವುದು ತಿಳಿಯುತ್ತಿತ್ತು. ಕೈ ನಿಂತಿತು. ಆಮೇಲೆ ಅವನು ತಟ್ಟಿದ. ಹಲಗೆಯ ಕಡೆಗಿದ್ದ ಎಡಗಿವಿಗೆ ಏನೂ ಬೀಳಲಿಲ್ಲ, ಅಂಗೈಗೆ ಬಂತು. ಒಂದು, ಎರಡು. ಅಷ್ಟೇ ಅಂದುಕೊಂಡಳು. ಮೂರು.

ನಾಲ್ಕು.

ಬೋರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಬೆರಳ ಗೆಣ್ಣಿನಲ್ಲಿ ಹೊರಗಿಂದ ಒಂದು ಸಲ ತಟ್ಟಿದಳು.