ಮೂರನೆಯ ಡಿಸ್ಕಿನ ಮೇಲಿನ ಆರೋಪ

ಭಾನುವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿದ್ದ ಪೆಟ್ಟಿಗೆ ಕೀ ಕೀ ಎನ್ನತೊಡಗಿದಾಗ ಸೊಸೆ ಹಲ್ಲುಜ್ಜುತ್ತಿದ್ದಳು. ಹಳೆಯ ಕಂಪ್ಯೂಟರಿನ ಡಬ್ಬದೊಳಗೆ ನಾಲ್ಕು ಹಾರ್ಡ್ ಡಿಸ್ಕುಗಳನ್ನು ಕೂರಿಸಿ ಅವಳ ಗಂಡ ತಾನೇ ಕಟ್ಟಿದ ಉಗ್ರಾಣ ಅದು. ಮನೆಯವರ ಫೋಟೋ, ಕಾಗದಪತ್ರ, ಎಲ್ಲ ಅದರ ಹೊಟ್ಟೆಯಲ್ಲಿತ್ತು. ಮಾವನವರ ಎಂಜಿನ್ ಸದ್ದುಗಳೂ ಅಲ್ಲೇ ಇದ್ದವು. ಮೂವತ್ತು ವರ್ಷ ರೈಲು ಓಡಿಸಿದ ಮಾವ, ತಾವು ಹತ್ತಿದ ಒಂದೊಂದು ಎಂಜಿನ್ನಿನ ಸದ್ದನ್ನೂ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಾಗ ಮಗ ಎಲ್ಲವನ್ನೂ ಪೆಟ್ಟಿಗೆಗೆ ಇಳಿಸಿ, ಕ್ಯಾಸೆಟ್ಟುಗಳನ್ನು ಆಚೆ ಹಾಕಿದ್ದ. "ನಾನು ಪಕ್ಕದಲ್ಲೇ ನಿಂತು ಕೂಗಿದ್ರೂ ಇವರಿಗೆ ಕೇಳಲ್ಲ, ಎಂಜಿನ್ ಕೆಮ್ಮಿದ್ರೆ ಮೈಲಿ ದೂರದಿಂದ ಕೇಳತ್ತೆ" ಎಂದು ಅತ್ತೆ ಹಂಗಿಸುವುದಿತ್ತು.

ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಪೆಟ್ಟಿಗೆಗೆ ಜೋಡಿಸಿದ್ದ ಪುಟ್ಟ ಪರದೆಯ ಮೇಲೆ ಮೂರನೆಯ ಡಿಸ್ಕಿನ ಹೆಸರು ಕೆಂಪಾಗಿತ್ತು. ಫೋನು ಮಾಡಿದಳು. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ನಾಲ್ಕರಲ್ಲಿ ಒಂದು ಸತ್ತರೆ ಉಳಿದ ಮೂರು ಸೇರಿ ಅದರ ಪಾಲನ್ನು ಹೊಸದಕ್ಕೆ ಬರೆದುಕೊಡುತ್ತವೆ, ಎರಡು ಸತ್ತರೆ ಮಾತ್ರ ಎಲ್ಲ ನೀರಿನಲ್ಲಿ ಹೋಮ ಎಂದ. ಎರಡು ತಿಂಗಳ ಹಿಂದೆಯೂ ಮೂರನೆಯದೇ ಕೈಕೊಟ್ಟಿತ್ತು, ಅದನ್ನು ಕಿತ್ತು ಬೇರೆಯದು ಹಾಕಿದ್ದ. ಈಗ ಹೊಸದೊಂದು ಮೇಜಿನ ಡ್ರಾಯರಿನಲ್ಲೇ ಇದೆ, ಹಾಕಿಬಿಡು ಎಂದು ಫೋನಿಟ್ಟ.

ಅವಳು ಡ್ರಾಯರಿನಿಂದ ಹೊಸ ಡಿಸ್ಕನ್ನು ತೆಗೆದಳು, ಸ್ಕ್ರೂ ಡ್ರೈವರನ್ನೂ ತಂದಳು. ಆದರೆ ಕೈ ಮುಂದೆ ಹೋಗಲಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಹದಿನೈದು ವರ್ಷ ಕಳೆದವಳು ಅವಳು. ಒಂದೇ ವಾರ್ಡಿನ ಇಬ್ಬರು ರೋಗಿಗಳ ವರದಿ ಒಂದೇ ತರ ಕೆಟ್ಟು ಬಂದರೆ, ಮೊದಲು ಅನುಮಾನ ಪಡಬೇಕಾದದ್ದು ರಕ್ತ ತುಂಬಿಸಿದ ನಳಿಗೆಯನ್ನು. ಎರಡು ಬೇರೆ ಬೇರೆ ಡಿಸ್ಕು ಒಂದೇ ಜಾಗದಲ್ಲಿ ಕೂತು ಸಾಯುವುದೆಂದರೇನು?

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ ಎಂದು ಗಂಡ ಒಮ್ಮೆ ಹೇಳಿದ್ದ. ಮೂರನೆಯದರ ಪುಟ ತೆರೆದಳು. ಕೆಟ್ಟ ಜಾಗಗಳು: ಸೊನ್ನೆ. ಓದಲಾಗದ ಜಾಗಗಳು: ಸೊನ್ನೆ. ಒಂದೇ ಒಂದು ಸಾಲಿನಲ್ಲಿ ಮಾತ್ರ ಸಾವಿರದ ನಾನೂರು ಎಂದಿತ್ತು. ಡಿಸ್ಕಿನಿಂದ ಹೊರಟ ಮಾಹಿತಿ ದಾರಿಯಲ್ಲಿ ಕೆಟ್ಟುಹೋದ ಸಲಗಳು ಅವು. ಅವಳು ಕುರ್ಚಿ ಎಳೆದುಕೊಂಡು ಕೂತಳು. ತಿಂಡಿ ಮರೆತೇಹೋಯಿತು.

ಅಷ್ಟರಲ್ಲಿ ಮಾವ ಬಂದು ಹಿಂದೆ ನಿಂತಿದ್ದರು. ಸೊಸೆಯೊಡನೆ ಅವರ ಮಾತು ದಿನಕ್ಕೆ ನಾಲ್ಕಾದರೆ ಹೆಚ್ಚು. ಏನೂ ಕೇಳದೆ ಅವಳ ಕೈಯಿಂದ ಸ್ಕ್ರೂ ಡ್ರೈವರ್ ತೆಗೆದುಕೊಂಡು, ಡಬ್ಬದ ಮುಚ್ಚಳ ಬಿಚ್ಚಿ, ಸ್ಕ್ರೂ ಡ್ರೈವರಿನ ತುದಿಯನ್ನು ಒಂದು ಡಿಸ್ಕಿನ ಮೇಲೂ ಮರದ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚಿದರು. ನಾಲ್ಕನ್ನೂ ಹಾಗೆ ಕೇಳಿ, ಮತ್ತೆ ಮೊದಲನೆಯದಕ್ಕೆ ಬಂದರು.

"ಮೂರನೇದು ಗಟ್ಟಿ ಇದೆಯಮ್ಮ. ಈ ಮೊದಲ್ನೇದು ಆಗಾಗ ತಡವರಿಸ್ತಿದೆ. ಅಲ್ಲೇ ಹಿಂದೆ ಮುಂದೆ ಹುಡುಕ್ತಿದೆ."

ಪರದೆಯಲ್ಲಿ ಮೊದಲನೆಯದು ಹಸಿರಾಗೇ ಇತ್ತು. ಅವಳು ನಂಬಲಿಲ್ಲ, ಆದರೆ ಅದರ ಪುಟ ತೆರೆದು ನೋಡದೆ ಇರಲೂ ಆಗಲಿಲ್ಲ. ಓದಲಾಗದೆ ಬಾಕಿ ಉಳಿದ ಜಾಗಗಳು: ನಲವತ್ತೆಂಟು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಐವತ್ತಾರು. ಗುಮ್ಮನಗುಸಕನ ಹಾಗೆ ಒಳಗೊಳಗೇ ಕೊಳೆಯುತ್ತ, ಹೊರಗೆ ಹಸಿರು ದೀಪ ತೋರಿಸುತ್ತಿತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದ್ರಲ್ಲಿದ್ವಿ ಮಾವ" ಎಂದಳು.

ಗಂಡ ಹೇಳಿದಂತೆ ಗಟ್ಟಿಯಾದ ಮೂರನೆಯದನ್ನು ಕಿತ್ತು ಹೊಸದನ್ನು ತುಂಬಿಸಲು ಹೊರಟಿದ್ದರೆ, ಹನ್ನೆರಡು ಗಂಟೆ ಕಾಲ ಆ ಮೊದಲನೆಯದರ ಮೂಲೆಮೂಲೆಯನ್ನೂ ಓದಿಸಬೇಕಿತ್ತು. ನಡುದಾರಿಯಲ್ಲಿ ಅದು ಮಲಗಿದ್ದರೆ ಎರಡೂ ಹೋದಂತೆಯೇ.

ಮೊದಲು ಎಂಜಿನ್ ಸದ್ದುಗಳನ್ನೂ ಫೋಟೋಗಳನ್ನೂ ಹೊರಗಿನ ಬೇರೆ ಡಿಸ್ಕಿಗೆ ನಕಲು ಮಾಡಿದಳು. ಅದು ಮುಗಿಯುವವರೆಗೆ ಮಾವ ಗೂಡಿನ ಬಾಗಿಲು ಬಿಟ್ಟು ಕದಲಲಿಲ್ಲ; ಅತ್ತೆ ಇಬ್ಬರ ತಟ್ಟೆಯನ್ನೂ ಅಲ್ಲಿಗೇ ತಂದಿಟ್ಟರು. ಎರಡೇ ಎರಡು ಕಡತಗಳು ಓದಲಾಗದೆ ನಿಂತವು. ಎರಡೂ ಯಾವುದೋ ಪ್ರವಾಸದ ಫೋಟೋ.

ಇನ್ನು ದಾರಿಯ, ಎಂದರೆ ಕೇಬಲ್ಲಿನ, ಪರೀಕ್ಷೆ ಬಾಕಿಯಿತ್ತು. ಪೆಟ್ಟಿಗೆಯನ್ನು ಆರಿಸಿ, ಮೂರನೆಯದರ ಕೇಬಲ್ಲನ್ನು ಬಿಚ್ಚಿದಳು. ಎರಡು ತಿಂಗಳ ಹಿಂದೆ ಸತ್ತಿತೆಂದು ಮೂಲೆಗೆ ಹಾಕಿದ್ದ ಡಿಸ್ಕನ್ನು ಹುಡುಕಿ ತಂದು, ತನ್ನ ಕಂಪ್ಯೂಟರಿಗೆ ಒಳ್ಳೆಯ ಕೇಬಲ್ಲಿನಲ್ಲಿ ಹಾಕಿ ಸ್ವಲ್ಪ ಹೊತ್ತು ಓದಿಸಿದಳು. ಸತ್ತದ್ದು ನೀರು ಕುಡಿದಂತೆ ಓದಿತು, ಒಂದೂ ತಪ್ಪಿಲ್ಲ. ಅದೇ ಡಿಸ್ಕಿಗೆ ಪೆಟ್ಟಿಗೆಯಿಂದ ಬಿಚ್ಚಿದ ಕೇಬಲ್ಲನ್ನು ಸಿಕ್ಕಿಸಿದಾಗ ತಪ್ಪಿನ ಎಣಿಕೆ ಕಣ್ಣೆದುರೇ ಏರತೊಡಗಿತು. ಮಾವ ಕೇಬಲ್ಲನ್ನು ಬೆಳಕಿಗೆ ಹಿಡಿದು, ಮುಚ್ಚಳದ ಅಂಚು ಅದನ್ನು ಒತ್ತಿ ಒತ್ತಿ ಮಡಿಸಿದ್ದ ಜಾಗವನ್ನು ಉಗುರಿನಿಂದ ತೋರಿಸಿದರು.

ಪೆಟ್ಟಿಗೆಗೆ ಹೊಸ ಕೇಬಲ್ ಬಿತ್ತು. ಮೂರನೆಯದು ಮರಳಿ ಸಾಲಿಗೆ ಸೇರಿ, ತಾನಿಲ್ಲದಾಗ ತಪ್ಪಿಹೋದಷ್ಟನ್ನು ಅರ್ಧ ಗಂಟೆಯಲ್ಲಿ ತುಂಬಿಕೊಂಡಿತು. ಆಮೇಲೆ ಮೊದಲನೆಯದನ್ನು ತೆಗೆದು ಆ ಜಾಗಕ್ಕೆ ಡ್ರಾಯರಿನ ಡಿಸ್ಕನ್ನು ಕೂರಿಸಿದಳು. ಸೋಮವಾರ ಕೆಲಸಕ್ಕೆ ಹೊರಡುವ ಹೊತ್ತಿಗೆ ನಾಲ್ಕೂ ಹಸಿರಾಗಿದ್ದವು. ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವನು ಆ ಮುಚ್ಚಳ ಮುಚ್ಚಿದ್ದು ತಾನೇ ಎಂದು ಒಪ್ಪಿಕೊಂಡ.

ಸಂಜೆ ಅವಳು ಮರಳಿದಾಗ ಮಾವ ಮೊದಲನೆಯ ಡಿಸ್ಕನ್ನು ಹಳೆಯ ಪತ್ರಿಕೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಬಿಚ್ಚೋಣವೇ ಎಂದು ಕೇಳಿದರು. ಬಿಚ್ಚಿದರೆ ಮತ್ತೆ ಕೂಡಿಸಲಾಗದು ಎಂದಳು. ಗೊತ್ತು ಎಂದರು. ನಕ್ಷತ್ರದಾಕಾರದ ಸ್ಕ್ರೂಗಳನ್ನು ಇಬ್ಬರೂ ಸೇರಿ ತೆಗೆದರು. ಒಳಗೆ ಕನ್ನಡಿಯಂಥ ತಟ್ಟೆ. ಅದರ ಅಂಚಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಉಂಗುರದ ಗೀರು.

"ನಾನು ಕೇಳಿದ್ದು ಇದನ್ನೇನಾ?"

"ಇರಬಹುದು ಮಾವ. ಖಂಡಿತ ಅಂತ ಹೇಳಕ್ಕಾಗಲ್ಲ" ಎಂದಳು. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಅಭ್ಯಾಸ ಅವಳಿಗಿರಲಿಲ್ಲ.

ಅವರು ಓದುವ ಸಣ್ಣ ತೋಳನ್ನು ಬೆರಳ ತುದಿಯಿಂದ ಆ ಗೀರಿನವರೆಗೆ ಸರಿಸಿ, ಹಿಂದಕ್ಕೆ ತಂದು, ಮತ್ತೆ ಸರಿಸಿದರು. ಆಮೇಲೆ ಡಿಸ್ಕಿಗೆ ಅಂಟಿಸಿದ್ದ ಚೀಟಿಯ ಮೇಲಿನ ತಾರೀಖು ಓದಿ, ಎರಡನೆಯದೂ ನಾಲ್ಕನೆಯದೂ ಇದರ ಜೊತೆಯಲ್ಲೇ ಬಂದವಲ್ಲವೇ ಎಂದು ವಿಚಾರಿಸಿದರು. ಹೌದು, ಒಂದೇ ದಿನ ತಂದದ್ದು. ಅವಕ್ಕೂ ಇದರಷ್ಟೇ ವಯಸ್ಸಾಗಿದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಕೈಯನ್ನೂ ತೊಳೆಯದೆ ಪರದೆಯ ಮುಂದೆ ಕೂತು ಆ ಎರಡರ ಪುಟಗಳನ್ನು ತೆರೆದಳು. ಮಾವ ತಮ್ಮ ಕುರ್ಚಿಯನ್ನು ಎಳೆದು ಪಕ್ಕದಲ್ಲಿ ಹಾಕಿಕೊಂಡರು.