ಟೀವಿಯಲ್ಲಿ ಬರಬೇಕಾಗಿದ್ದ ಹೆಸರು

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಮ್ಮೂರು ಭೋಜದಲ್ಲಿ ಓಣಿಯ ನಲ್ಲಿಯ ಹತ್ತಿರ ಜಗಳವಾದರೆ ಹೆಂಗಸರು "ಕಮಲಾಬಾಯಿನ್ನ ಕರೀರಿ" ಎನ್ನುತ್ತಿದ್ದರು. ಅಂಥ ಬಾಯಿ ಜೀವಮಾನದಲ್ಲಿ ಒಂದೇ ಸಲ ಕೈಕೊಟ್ಟಿತು. ಅದೂ ಎಲ್ಲಿ, ದೂರದರ್ಶನದವರ ಕ್ಯಾಮರಾದ ಮುಂದೆ.

ಎಂಬತ್ತೆಂಟನೇ ಇಸವಿ. ಆಗ ಟೀವಿಯಲ್ಲಿ ವಾರಕ್ಕೊಂದು ಪಟ್ಟಣವನ್ನು ತೋರಿಸುವ ಕಾರ್ಯಕ್ರಮವೊಂದು ಬರುತ್ತಿತ್ತು. ಆ ಊರಿನ ಪೇಟೆ, ಚಿತ್ರ ಬರೆಯುವವರು, ನಾಟಕದವರು, ಹಾಡುವವರು ಎಲ್ಲ ಅದರಲ್ಲಿ. ನಿಪ್ಪಾಣಿಯ ಸರದಿ ಬಂದಾಗ ಸುತ್ತಲಿನ ಹಳ್ಳಿಯ ಹೆಂಗಸರ ಒಡಪು ಕೂಡ ಬೇಕು ಎಂದರಂತೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ನಾಲ್ಕು ಜನ ಕಾಡಿಸಿದಾಗ, ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಸೇರಿಸಿ ಹೇಳುತ್ತಾಳೆ. ಅದಕ್ಕೆ ಒಡಪು ಅನ್ನುತ್ತಾರೆ. ನಮ್ಮ ಪಡಸಾಲೆ ದೊಡ್ಡದೆಂದು ಸಾಲಿ ಮಾಸ್ತರರು ಆ ಜನರನ್ನು ನಮ್ಮ ಮನೆಗೇ ಕರೆತಂದರು.

ಹೇಳಲು ಕೂತವರು ಇಬ್ಬರು: ನಾನು, ಮತ್ತು ನನ್ನ ಭಾವನ, ಅಂದರೆ ಗಂಡನ ಅಣ್ಣನ, ಹೆಂಡತಿ ಗಂಗೂಬಾಯಿ. ಗಂಗಕ್ಕನಿಗೆ ಮರೆವು. ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗುವ ಪೈಕಿ. ಅದಕ್ಕೆ ಎಂಟು ದಿನ ನಾನೇ ಆಕೆಗೆ ಆಕೆಯ ಒಡಪು ಕಲಿಸಿದೆ. ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಅದೇ ಪಾಠ. ಭಾವನ ಎದುರು ನಾನು ತಲೆಯ ಮೇಲೆ ಸೆರಗು ಹೊದ್ದು ನಿಲ್ಲುವವಳು, ಅವರ ಹೆಸರು ಬಾಯಲ್ಲಿ ತರಲಾದೀತೆ? ಹೆಸರು ಬರುವಲ್ಲಿ ನಾನು "ಹೂಂ ಹೂಂ" ಎನ್ನುತ್ತಿದ್ದೆ, ಆಕೆ ತುಂಬುತ್ತಿದ್ದಳು.

ಆ ದಿನ ಗದ್ದಲ ಬೇಡವೆಂದು ಗಂಡಸರನ್ನೂ ಓಣಿಯವರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಒಳಗಿದ್ದವರು ನಾವಿಬ್ಬರು, ಅತ್ತೆ ಮತ್ತು ಬೆಂಗಳೂರಿನ ಜನ. ಗಂಗಕ್ಕ ತನ್ನದನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ನನ್ನ ಎದೆ ಉಬ್ಬಿತು, ನನ್ನ ಪಾಠವಲ್ಲವೆ. ಆಮೇಲೆ ಆ ದೊಡ್ಡ ದೀಪವನ್ನು ನನ್ನ ಮುಖಕ್ಕೆ ತಿರುಗಿಸಿದರು. ನಾನು ಬಾಯಿ ತೆಗೆದೆ.

"ದೂಧಗಂಗಾ ನೀರಿಗೆ ಕಬ್ಬು ಬೆಳದೈತಿ ಎದೀಮಟ, ಧರಣೇಂದ್ರ ಅವರ ಹೆಸರ ಹೇಳತೇನಿ, ಕೇಳ್ರಿ ಕಡೀಮಟ."

ಧರಣೇಂದ್ರ ಎಂದರೆ ನನ್ನ ಭಾವ. ಎಂಟು ದಿನ ಕಲಿಸಿದ ಗಂಗಕ್ಕನ ಒಡಪನ್ನೇ, ಹೆಸರಿನ ಸಮೇತ ಒಪ್ಪಿಸಿಬಿಟ್ಟಿದ್ದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ತುಂಬಾ ಚೆನ್ನಾಗಿ ಬಂತು ಮೇಡಂ" ಎಂದು ಚೂಡಿದಾರದ ಹುಡುಗಿ ದೀಪ ಆರಿಸಿದಳು.

"ಇನ್ನೊಮ್ಮಿ ತಗೋರಿ ಬಾಯಾರ" ಎಂದೆ.

"ಯಾಕೆ, ಸೂಪರ್ ಆಗಿದೆ. ನಿಪ್ಪಾಣೀಲಿ ಬೆಳಕು ಹೋಗೋದ್ರೊಳಗೆ ಪೇಟೆ ತೆಗೀಬೇಕು" ಎಂದಳು. ಯಾಕೆಂದು ಹೇಳಲು ಹೋದರೆ, ಕ್ಯಾಮರಾದ ಆ ನಾಲ್ಕು ಜನ ಗಂಡಸರ ಎದುರು ಅದೇ ಹೆಸರನ್ನು ಮತ್ತೆ ಎತ್ತಬೇಕು. ವೈರು ಸುತ್ತಿಕೊಂಡು ಜೀಪು ಹತ್ತಿ ಹೊರಟೇಹೋದರು.

ಅದು ಟೀವಿಯಲ್ಲಿ ಬರುವುದು ಮೂರು ವಾರದ ಮೇಲೆ. ಅಷ್ಟು ದಿನ ನಾನು ತಿಂದದ್ದು ಮೈಗೆ ಹತ್ತಲಿಲ್ಲ. ಬೆಂಗಳೂರಿನವರಿಗೆ ಧರಣೇಂದ್ರ ಯಾರೋ, ನನ್ನ ಗಂಡ ಯಾರೋ. ಕೇಳಿಸಬಾರದ್ದು ನಮ್ಮ ಊರಿಗೆ ಮಾತ್ರ. ಆದರೆ ಊರಲ್ಲಿದ್ದ ಟೀವಿ ನಮ್ಮದೊಂದೇ, ಊರೆಲ್ಲ ಬಂದು ಕೂರುವುದು ನಮ್ಮ ಅಂಗಳದಲ್ಲೇ. ಅಷ್ಟು ಜನರ ನಡುವೆ ನಾನು ಅಣ್ಣನ ಹೆಸರು ಹೇಳಿದರೆ ತಮ್ಮನ ಮುಖ ಏನಾಗಬೇಕು? ನಾಳೆಯಿಂದ ಚಹಾದ ಅಂಗಡಿಯಲ್ಲಿ ಅವರು ಕೂರುವಂತಿದೆಯೆ? ನಮ್ಮವರೋ, ಡೇರಿಯಿಂದ ಹಿಡಿದು ಸಕ್ಕರೆ ಕಾರ್ಖಾನೆಯವರೆಗೆ ಸಾರಿಕೊಂಡು ಬಂದಿದ್ದರು.

"ನಮ್ಮಾಕಿ ನನ್ನ ಹೆಸರ ಟೀವ್ಯಾಗ ಹೇಳ್ಯಾಳ. ಗುರುವಾರ ಸಂಜೀಕ ಬರ್ರಿ."

ಮಂಗಸೂಳಿಯ ಬೀಗರಿಗೂ ಪಾಲಬಾವಿಯ ಸೋದರಮಾವನಿಗೂ ಹೇಳಿ ಕಳಿಸಿದರು. ಒಂದೆರಡು ಸಲ ನಿಜ ಹೇಳಲು ಹೋದೆ. ಆ ಹಿಗ್ಗಿದ ಮುಖ ನೋಡಿ ನಾಲಿಗೆ ಏಳಲಿಲ್ಲ. ಅತ್ತೆಯೂ "ಸುಮ್ಮನಿರ, ಏನರ ಆಗತೈತಿ" ಎನ್ನುತ್ತಿದ್ದರು. ಏನು ಆಗುತ್ತದೆ ಎಂದು ಮಾತ್ರ ಹೇಳಲಿಲ್ಲ.

ಕೊನೆಗೆ ನಾನೇ ಉಪಾಯ ಹುಡುಕಿದೆ. ಮಾಳಿಗೆಯ ಮೇಲಿನ ಆಂಟೆನಾ ಬೆಳಗಾವಿಯ ಕಡೆ ಇದ್ದರೆ ಕನ್ನಡ ಬರುತ್ತಿತ್ತು, ಕೊಲ್ಹಾಪುರದ ಕಡೆ ತಿರುಗಿಸಿದರೆ ಮರಾಠಿ. ಹೊತ್ತಿಗೆ ಸರಿಯಾಗಿ ಹತ್ತಿ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ತಪ್ಪನ್ನು ಗಾಳಿಯ ಮೇಲೆ ಹಾಕಬಹುದು.

ಗುರುವಾರ ಹೊತ್ತು ಮುಳುಗುವುದರೊಳಗೆ ನಮ್ಮ ಜೈನರ ಊಟ ಮುಗಿದಿತ್ತು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಟೀವಿಯನ್ನು ಕಟ್ಟೆಯ ಮೇಲೆ ಇಟ್ಟಿದ್ದರು. ನಾನು ಗೋಡೆ ಹಿಡಿದು ನಿಚ್ಚಣಿಕೆಯ ಕಡೆ ಸರಿಯುವುದಕ್ಕೂ ಭಾವ ನಮ್ಮವರನ್ನು ಕರೆಯುವುದಕ್ಕೂ ಸರಿಹೋಯಿತು.

"ತಮ್ಮಾ, ಗಾಳಿ ಬಿಟ್ಟೈತಿ. ಮ್ಯಾಲ ಹತ್ತಿ ಆಂಟೆನಾ ಹಿಡಕೊಂಡ ನಿಂದ್ರು."

"ನನ್ನ ಹೆಸರ ಬರೂ ಹೊತ್ತಿಗೆ ನಾ ಮಾಳಿಗಿ ಮ್ಯಾಲೇನ?"

"ಬ್ಯಾರೇದವ್ರು ಹಿಡದ್ರ ಚಿತ್ರ ನಿಂದ್ರೂದಿಲ್ಲ. ಹತ್ತು."

ಗೊಣಗುತ್ತ ಅವರು ಹತ್ತಿದರು. ನನ್ನ ಉಪಾಯ ಅಲ್ಲಿಗೇ ಮಣ್ಣುಗೂಡಿತು. ಭಾವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಸೆರಗಿನೊಳಗೇ ಹಲ್ಲು ಕಡಿದೆ.

ಕಾರ್ಯಕ್ರಮ ಶುರುವಾಯಿತು. ನಿಪ್ಪಾಣಿಯ ಪೇಟೆ ಬಂತು, ತಂಬಾಕಿನ ಗೋದಾಮು ಬಂತು. ಗೋಡೆಯ ಮೇಲೆ ಸಿನೆಮಾದ ಬೋರ್ಡು ಬರೆಯುವ ಮುದುಕ ಬಂದು, ಬಣ್ಣ ಕಲಸುವುದು ಹೇಗೆಂದು ಅರ್ಧ ಮರಾಠಿಯಲ್ಲಿ ಹೇಳಿದ. ಜನ ನಕ್ಕರು. ಆಮೇಲೆ ನಮ್ಮ ಪಡಸಾಲೆ. ಗಂಗಕ್ಕನ ಒಡಪಿಗೆ ಸೀಟಿ ಬಿತ್ತು. ಅವಳ ಮುಖ ಹೋಗಿ ನನ್ನ ಮುಖ ಬರುವಷ್ಟರಲ್ಲಿ ಭಾವ ಎದ್ದರು. ಎರಡು ಹೆಜ್ಜೆ ಇಟ್ಟು ಟೀವಿಯ ಗುಂಡಿಯನ್ನು ತಿರುವಿದರು. ಮಾತು ನಿಂತುಹೋಯಿತು. ನನ್ನ ತುಟಿಗಳು ಮಾತ್ರ ಅಲುಗಾಡುತ್ತಿದ್ದವು.

"ಏ, ಸೌಂಡ ಹೋತಲ್ಲೋ" ಎಂದರು ಹಿಂದಿನವರು.

"ಹೋತು. ಏನ ಮಾಡೂದು" ಎಂದರು ಭಾವ, ಗುಂಡಿ ಕಾಣದ ಹಾಗೆ ಬೆನ್ನು ಕೊಟ್ಟು ನಿಂತು. ನನ್ನ ಮುಖ ಹೋಗಿ ಭಜನೆಯವರು ಬಂದ ಮೇಲೆ ತಾಳದ ಸದ್ದು ತಾನಾಗಿ ವಾಪಸು ಬಂತು.

ನಾನು ಗಂಗಕ್ಕನನ್ನು ನೋಡಿದೆ. ಆಕೆ ನೆಲ ನೋಡುತ್ತ, "ಅವತ್ತ ಸಂಜೀಕ ಅವರಿಗೆ ಹೇಳೇನಿ. ನಾ ನೋಡಕೋತೇನಿ, ಆಕೀಗೆ ಏನೂ ಅನಬ್ಯಾಡ ಅಂದ್ರು" ಎಂದು ಪಿಸುಗುಟ್ಟಿದಳು. ಮೂರು ವಾರ. ಅಣ್ಣ ತಮ್ಮನನ್ನು ಮಾಳಿಗೆಗೆ ಹತ್ತಿಸಿದ್ದೂ ಅದಕ್ಕೇ. ನನಗೆ ಒಂದು ಮಾತು ತಲುಪಿಸಬಾರದಿತ್ತೆ ಎಂದು ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಲ್ಲೇ ಕೂತು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟೆ. ಎಷ್ಟು ಹಗುರವಾಯಿತೆಂದು ಹೇಳಲಾರೆ.

"ಅಯ್ಯ, ಹೆಸರ ಕೇಳಲಿಲ್ಲಂತ ಅಳಾಕತ್ತಾಳ ಪಾಪ" ಎಂದಳು ನೆರೆಮನೆಯ ರುಕ್ಮವ್ವ.

ಭಾವ ನನ್ನ ಕಡೆ ನೋಡಲಿಲ್ಲ. "ಅವ್ವಾ," ಎಂದರು ಅತ್ತೆಗೆ, "ಸಣ್ಣಾಕಿಗೆ ಹೇಳು. ಟೀವ್ಯಾಗ ಹೇಳಿದ್ದು ಯಾರಿಗೂ ಕೇಳಿಲ್ಲ. ಇಲ್ಲೇ ಹೇಳಲಿ, ಊರೆಲ್ಲಾ ಕುಂತೈತಿ."

ಎದ್ದು ನಿಂತೆ. ಈ ಸಲ ಬಾಯಿ ಮೋಸ ಮಾಡಲಿಲ್ಲ.

"ಅಂಗಳದಾಗ ರಂಗೋಲಿ, ಬಾಗಲಿಗೆ ತೋರಣ, ಭೂಪಾಲ ಅವರ ಹೆಸರ ಹೇಳಾಕ ಬೇಕೇನ ಕಾರಣ."

ಅಂಗಳ ಚಪ್ಪಾಳೆ ತಟ್ಟಿತು. ಮಾಳಿಗೆಯ ಮೇಲಿಂದ ನಮ್ಮವರ ದನಿ ಕೇಳಿತು. ಗಾಳಿಗೆ ಅವರಿಗೆ ಒಂದಕ್ಷರವೂ ಮುಟ್ಟಿರಲಿಲ್ಲ.

"ಏನಾತು? ನಂದು ಬಂತೇನ? ಬಿಡಲೇನ ಇದನ್ನ?"

ನಿಚ್ಚಣಿಕೆಯ ಬುಡಕ್ಕೆ ಹೋಗಿ ಮೇಲೆ ನೋಡಿದೆ. ಕೈ ಸೋತು, ಎರಡೂ ಕೈಯಿಂದ ಆ ಕಂಬವನ್ನು ಅಪ್ಪಿ ನಿಂತಿದ್ದರು. ಒಡಪು ಹುಡುಕುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

"ಭೂಪಾಲ ಅವರ," ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ, "ಬಂತ್ರಿ ನಿಮ್ಮ ಹೆಸರು. ಇಳೀರಿ ಕೆಳಗ."